ಮಾಡುವ ಕೈ, ಕೊಳ್ಳುವ ಕೈ

ಒಂದು ಊರಿನ ಹೆಸರನ್ನು ಹೇಳಿದೊಡನೆ ಅಲ್ಲಿ ತಯಾರಾಗುವ ವಸ್ತುವೊಂದು ಕೇಳಿದವರ ನೆನಪಿಗೆ ಬರುವುದಾದರೆ, ಆ ಊರಿಗೆ ಅದಕ್ಕಿಂತ ದೊಡ್ಡ ಬಿರುದು ಬೇರೆ ಬೇಕಿಲ್ಲ. ಚನ್ನಪಟ್ಟಣವೆಂದರೆ ಬಣ್ಣದ ಗೊಂಬೆ. ಇಳಕಲ್ ಎಂದರೆ ಸೀರೆ. ಬೀದರ್ ಎಂದರೆ ಬಿದ್ರಿ ಕುಸುರಿ. ಅಂತೆಯೇ ಕೊಳ್ಳೇಗಾಲವೆಂದರೆ ರೇಷ್ಮೆ. ಊರಿನ ಕೀರ್ತಿ ಅಲ್ಲಿಯ ಜನರು ಏನನ್ನು ಕೊಂಡರು ಎಂಬುದರಿಂದ ಬಂದುದಲ್ಲ, ಏನನ್ನು ಮಾಡಿದರು ಎಂಬುದರಿಂದ ಬಂದುದು. ಇಂದು ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳ ಬದುಕನ್ನು ನೋಡುವವರಿಗೆ ಈ ಸರಳ ಸತ್ಯ ಮರೆಯಾಗುತ್ತಿದೆಯೇನೋ ಎಂಬ ಅಳುಕು ಹುಟ್ಟುವುದು ಸಹಜ.

ಕಾವೇರಿಯ ಬಲದಂಡೆಯಿಂದ ಬಿಳಿಗಿರಿರಂಗನ ಬೆಟ್ಟದವರೆಗೆ, ಅಲ್ಲಿಂದ ಮಲೆ ಮಹದೇಶ್ವರನ ಬೆಟ್ಟಸಾಲಿನವರೆಗೆ ಹಬ್ಬಿರುವ ಈ ಸೀಮೆಗೆ ತನ್ನದೇ ಆದ ಚರಿತ್ರೆಯಿದೆ. ಇತ್ತೀಚಿನವರೆಗೆ ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಭಾಷಾವಾರು ಪ್ರಾಂತ್ಯಗಳ ವಿಂಗಡಣೆಯಾದಾಗ ಅದು ಮೈಸೂರು ರಾಜ್ಯವನ್ನು ಕೂಡಿಕೊಂಡಿತು. ಯಳಂದೂರಾದರೋ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಊರು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚಿತವಾದಾಗ ಈ ಭಾಗಗಳೆಲ್ಲ ಒಂದೇ ಜಿಲ್ಲೆಯೊಳಗೆ ಬಂದವು. ಆಡಳಿತ ಯಾರದೇ ಆಗಿರಲಿ, ಹೊಲದಲ್ಲಿ ಹಿಪ್ಪುನೇರಳೆ ಬೆಳೆಯುತ್ತಿತ್ತು. ಮನೆಯಲ್ಲಿ ಮಗ್ಗ ನಡೆಯುತ್ತಿತ್ತು. ಅಂದಿನ ಮದ್ರಾಸ್ ಪ್ರಾಂತ್ಯದ ರೇಷ್ಮೆ ಬೇಸಾಯದ ಬಹುಪಾಲು ಕೊಳ್ಳೇಗಾಲದ ಸುತ್ತಮುತ್ತಲೇ ಇತ್ತು. ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿಯೂ ಸರ್ಕಾರದ ರೇಷ್ಮೆನೂಲಿನ ಕಾರ್ಖಾನೆಯೊಂದು ನಡೆದಿತ್ತು.

ಒಂದು ರೇಷ್ಮೆ ಸೀರೆ ಹುಟ್ಟುವ ಬಗೆಯನ್ನು ಬಲ್ಲವರು ಅದನ್ನು ಕೇವಲ ಬೆಲೆಯಿಂದ ಅಳೆಯಲಾರರು. ಸಾಸಿವೆಗಿಂತ ಕಿರಿದಾದ ಮೊಟ್ಟೆಯಿಂದ ಹೊರಬಂದ ಹುಳು ಸುಮಾರು 25ರಿಂದ 28 ದಿನಗಳವರೆಗೆ ಸೊಪ್ಪು ತಿನ್ನುತ್ತದೆ. ಈ ಅವಧಿಯಲ್ಲಿ ಅದು ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ; ರೈತರು ಇದನ್ನು 'ಜ್ವರ' ಎಂದು ಕರೆಯುತ್ತಾರೆ. ಹುಳು ಎಳೆಯದಾಗಿರುವಾಗ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಬಲಿತ ಮೇಲೆ ಹಗಲಿರುಳೆನ್ನದೆ ಮೇವು ಒದಗಿಸಬೇಕು. ಬಿಸಿಲು ಹೆಚ್ಚಾದರೂ ಕಷ್ಟ, ತೇವ ಹೆಚ್ಚಾದರೂ ಕಷ್ಟ. ಹಣ್ಣಾದ ಹುಳುವನ್ನು ಚಂದ್ರಂಕಿಯ ಮೇಲೆ ಬಿಟ್ಟರೆ ಅದು ಎರಡು ಮೂರು ದಿನಗಳಲ್ಲಿ ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡಿನಲ್ಲಿರುವುದು ನೂರಾರು ಮೀಟರ್ ಉದ್ದದ ಒಂದೇ ಎಳೆ. ಒಳ್ಳೆಯ ತಳಿಯಾದರೆ ಅದು ಒಂದು ಕಿಲೋಮೀಟರಿನವರೆಗೂ ಇರುತ್ತದೆ. ಗೂಡನ್ನು ಬಿಸಿನೀರಿನಲ್ಲಿ ಹಾಕಿ, ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ನೂಲು ತೆಗೆಯುವವರು ಬೇರೆ. ಆ ನೂಲಿಗೆ ಹುರಿ ಕೊಡುವವರು ಬೇರೆ. ಬಣ್ಣ ಕಟ್ಟುವವರು ಬೇರೆ. ಹಾಸು ಹೂಡುವವರು, ಲಾಳಿಗೆ ಹೊಕ್ಕಿನ ನೂಲು ಸುತ್ತುವವರು, ಕೊನೆಗೆ ಮಗ್ಗದಲ್ಲಿ ಕುಳಿತು ನೇಯುವವರು ಬೇರೆ. ಒಂದು ಕಿಲೋ ರೇಷ್ಮೆಗೆ 6ರಿಂದ 8 ಕಿಲೋ ಗೂಡು ಬೇಕು. ಹೀಗಾಗಿ ಒಂದು ತೂಕದ ಸೀರೆಯೆಂದರೆ ಎರಡು ಸಾವಿರಕ್ಕೂ ಹೆಚ್ಚಿನ ಗೂಡುಗಳ ಎಳೆ ಮತ್ತು ಹತ್ತಾರು ಕೈಗಳ ಶ್ರಮ.

ರೇಷ್ಮೆಯೊಂದೇ ಈ ಸೀಮೆಯ ಉತ್ಪನ್ನವಾಗಿರಲಿಲ್ಲ. ಮೇದರು ಬಿದಿರನ್ನು ಸೀಳಿ ಮೊರ, ಮಂಕರಿ, ಕುಕ್ಕೆಗಳನ್ನು ಹೆಣೆದರು. ಕುಂಬಾರರು ಮಡಕೆ ಮಾಡಿದರು. ಕಮ್ಮಾರರು ನೇಗಿಲಿನ ಗುಳ, ಕುಡುಗೋಲುಗಳನ್ನು ಬಡಿದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ಜೇನು, ನೆಲ್ಲಿ, ಕಲ್ಲುಹೂವುಗಳನ್ನು ತಂದರು. ಹನೂರಿನ ಒಣಭೂಮಿಯಲ್ಲಿ ರಾಗಿ ಬೆಳೆಯಿತು. ಆ ರಾಗಿಯನ್ನು ಬೀಸುವ ಕಲ್ಲು ಮನೆಮನೆಯಲ್ಲಿತ್ತು. ಹಾಡು ಕೂಡ ಇಲ್ಲಿ ತಯಾರಾಗುವ ವಸ್ತುವೇ ಆಗಿತ್ತೆಂದರೆ ತಪ್ಪಾಗಲಾರದು. ಕಂಸಾಳೆಯವರು ಮಾದೇಶ್ವರನ ಕಥೆಯನ್ನು, ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಹಾಡಿದರು. ಬರಹವಿಲ್ಲದ ಬಾಯಿಗಳು ಕಟ್ಟಿದ ಮಹಾಕಾವ್ಯಗಳನ್ನು ಕನ್ನಡ ನಾಡಿಗೆ ಕೊಟ್ಟ ಹಿರಿಮೆ ಈ ಸೀಮೆಗಿದೆ.

ಆ ಕಾವ್ಯಗಳಲ್ಲಿಯೂ ಕೈಕೆಲಸದ ಗೌರವ ಎದ್ದು ಕಾಣುತ್ತದೆ. ಮಂಟೇಸ್ವಾಮಿಯ ಶಿಷ್ಯನಾದ ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರಲ್ಲಿಗೆ ಹೋಗಿ ಬೇಡುವುದು ಹೊನ್ನನ್ನಲ್ಲ, ಕಬ್ಬಿಣವನ್ನು. ಕುಲುಮೆಯ ಮುಂದೆ ನಿಂತವರ ಬಳಿ ಏನಿದೆಯೆಂಬುದನ್ನು ಕಾವ್ಯ ಕಟ್ಟಿದ ಜನ ಬಲ್ಲರು. ಚಿಕ್ಕಲ್ಲೂರಿನ ಜಾತ್ರೆಗೆ ಇಂದಿಗೂ ಸೇರುವ ಸಾವಿರಾರು ಮಂದಿಗೆ ಆ ಕಥೆ ಗೊತ್ತು. ಅದಕ್ಕೂ ಮೊದಲು, 12ನೆಯ ಶತಮಾನದ ಶರಣರು ತಮ್ಮ ಹೆಸರುಗಳ ಹಿಂದೆ ವಂಶದ ಬಿರುದನ್ನು ಇಟ್ಟುಕೊಳ್ಳದೆ ಕಸುಬನ್ನು ಇಟ್ಟುಕೊಂಡರು. ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಎಂಬ ಹೆಸರುಗಳು ಇದಕ್ಕೆ ಸಾಕ್ಷಿ. ಶರಣರ ಕಾಯಕತತ್ತ್ವದ ತಿರುಳು ಇಷ್ಟೇ: ಸಮಾಜದಿಂದ ಪಡೆಯುವವನು ಸಮಾಜಕ್ಕೆ ಏನನ್ನಾದರೂ ಮಾಡಿಕೊಡಲೇಬೇಕು.

ಈಗ ಕಾಲ ಬದಲಾಗಿದೆ. 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಅಮೆಜಾನ್ ಸಂಸ್ಥೆ ಅಂತರಜಾಲದ ಮೂಲಕ ಪುಸ್ತಕಗಳನ್ನು ಮಾರುವುದರೊಂದಿಗೆ ತನ್ನ ವ್ಯಾಪಾರವನ್ನು ತೊಡಗಿತು. 2007ರಲ್ಲಿ ಬೆಂಗಳೂರಿನಲ್ಲಿ ಇಬ್ಬರು ತರುಣರು ಪ್ರಾರಂಭಿಸಿದ ಫ್ಲಿಪ್‌ಕಾರ್ಟ್ ಕೂಡ ಮೊದಲು ಮಾರಿದ್ದು ಪುಸ್ತಕಗಳನ್ನೇ. ವಸ್ತು ಮನೆ ತಲುಪಿದ ಮೇಲೆ ಹಣ ಕೊಡುವ ಪದ್ಧತಿ ಬಂದುದರಿಂದ ಜನರ ಅಂಜಿಕೆ ಕಳೆಯಿತು. 2013ರಲ್ಲಿ ಅಮೆಜಾನ್ ಭಾರತದಲ್ಲಿಯೂ ಅಂಗಡಿ ತೆರೆಯಿತು. 2016ರಿಂದ ಯುಪಿಐ ಮೂಲಕ ಮೊಬೈಲಿನಿಂದಲೇ ಹಣ ಸಂದಾಯ ಮಾಡುವುದು ಸಾಧ್ಯವಾಯಿತು. ಹೀಗೆ ಹತ್ತು ಹದಿನೈದು ವರ್ಷಗಳೊಳಗೆ ಆನ್‌ಲೈನ್ ಖರೀದಿ ಮಹಾನಗರದಿಂದ ಪಟ್ಟಣಕ್ಕೆ, ಪಟ್ಟಣದಿಂದ ಹಳ್ಳಿಗೆ ಇಳಿಯಿತು. ಒಂದು ಕಾಲಕ್ಕೆ ಸೀರೆಯ ಗಂಟುಗಳು ಹೊರಗೆ ಹೋಗುತ್ತಿದ್ದ ಬೀದಿಗಳಿಗೆ ಇಂದು ರಟ್ಟಿನ ಪೆಟ್ಟಿಗೆಗಳು ಒಳಗೆ ಬರುತ್ತಿವೆ. ಬೆನ್ನಿಗೆ ದೊಡ್ಡ ಚೀಲ ಹೊತ್ತು ಮೋಟಾರ್ ಸೈಕಲ್ಲಿನಲ್ಲಿ ಬರುವ ಡೆಲಿವರಿ ಹುಡುಗನನ್ನು ಅರಿಯದ ಊರು ಇಂದು ವಿರಳ.

ಆದರೆ ಮಗ್ಗದ ಸದ್ದು ತಗ್ಗಲು ಮೊಬೈಲು ಒಂದೇ ಕಾರಣವೆನ್ನುವುದು ನ್ಯಾಯವಲ್ಲ. ಕೈಮಗ್ಗಕ್ಕೆ ಮೊದಲ ಪೆಟ್ಟು ಬಿದ್ದುದು ವಿದ್ಯುತ್ ಮಗ್ಗದಿಂದ. ಎರಡನೆಯದು ಕೃತಕ ನೂಲಿನಿಂದ. ಆಮೇಲೆ ಚೀನಾದಿಂದ ಅಗ್ಗದ ರೇಷ್ಮೆ ಬಂದಿತು. 2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಧಾರಣೆ ಕುಸಿದು ಕರ್ನಾಟಕದ ರೈತರು ಕಂಗಾಲಾದರು. ನೀರಿನ ಅಭಾವ, ಕೂಲಿಯ ಏರಿಕೆ, ಹೆಚ್ಚು ವಿದ್ಯೆ ಪಡೆದ ಮಕ್ಕಳ ಬೇರೆ ಹಂಬಲಗಳು, ಇವೆಲ್ಲವೂ ಸೇರಿಕೊಂಡವು. ಆನ್‌ಲೈನ್ ಮಾರುಕಟ್ಟೆ ಬರುವ ವೇಳೆಗೆ ಮನೆಯ ಒಂದು ಗೋಡೆ ಆಗಲೇ ಸಡಿಲಗೊಂಡಿತ್ತು. ಅದು ಆ ಸಡಿಲದ ಮೂಲಕ ಸುಲಭವಾಗಿ ಒಳಹೊಕ್ಕಿತು, ಅಷ್ಟೆ.

ಹಳೆಯ ಕಾಲವನ್ನು ಬಂಗಾರದ ಕಾಲವೆಂದು ಹೊಗಳುವವರೂ ಒಂದು ಮಾತನ್ನು ಮರೆಯಬಾರದು. ಕುಣಿಮಗ್ಗದಲ್ಲಿ ಕಾಲಿಳಿಸಿ ದಿನವಿಡೀ ಕುಳಿತ ನೇಕಾರನ ಸೊಂಟ ಬಾಗಿತು, ಕಣ್ಣು ಮಂಜಾಯಿತು. ಅನೇಕ ಕಡೆ ನೂಲು ಸಾಹುಕಾರನದು, ಸೀರೆಯೂ ಸಾಹುಕಾರನದು. ನೇಕಾರನಿಗೆ ಸಿಕ್ಕಿದ್ದು ಕೂಲಿ ಮಾತ್ರ. ರೇಷ್ಮೆ ನೂಲು ತೆಗೆಯುವ ಬಿಸಿನೀರಿನ ತೊಟ್ಟಿಗಳ ಬಳಿ ಎಳೆಯ ಮಕ್ಕಳು ಕೈ ಸುಟ್ಟುಕೊಂಡ ಕಾಲವೂ ಇತ್ತು. ತಂದೆಯ ಕಸುಬನ್ನೇ ಮಗ ಮಾಡಬೇಕೆಂಬ ಕಟ್ಟು ಜಾತಿಯ ಸಂಕೋಲೆಯೂ ಆಗಿತ್ತು. ಮಗ್ಗದ ಮನೆಯಲ್ಲಿ ಹುಟ್ಟಿದ ಹುಡುಗಿಯೊಬ್ಬಳು ವೈದ್ಯೆಯಾಗಬಯಸಿದರೆ ಅದನ್ನು ತಡೆಯುವ ಹಕ್ಕು ಯಾವ ಸಂಪ್ರದಾಯಕ್ಕೂ ಇಲ್ಲ.

ಆನ್‌ಲೈನ್ ಖರೀದಿಯಿಂದ ಉಪಕಾರವಾಗಿಲ್ಲವೆಂದೂ ಹೇಳುವಂತಿಲ್ಲ. ಪುಸ್ತಕದ ಅಂಗಡಿಯೇ ಇಲ್ಲದ ಬೆಟ್ಟದ ತಪ್ಪಲಿನ ಊರಿಗೆ ಇಂದು ಬೇಕಾದ ಪುಸ್ತಕ ಬರುತ್ತದೆ. ನಡೆಯಲಾರದ ವೃದ್ಧರಿಗೆ ಔಷಧಿ ಬಾಗಿಲಿಗೆ ಬರುತ್ತದೆ. ಊರಿನ ಒಬ್ಬನೇ ವರ್ತಕ ಹೇಳಿದ ಬೆಲೆಗೆ ತಲೆಬಾಗಬೇಕಾಗಿದ್ದ ಗಿರಾಕಿಗೆ ಇಂದು ಹತ್ತು ಕಡೆಯ ಬೆಲೆಯನ್ನು ಹೋಲಿಸಿ ನೋಡುವ ಅವಕಾಶವಿದೆ. ಆದುದರಿಂದ ಪ್ರಶ್ನೆಯಿರುವುದು ಕೊಳ್ಳುವುದು ತಪ್ಪೇ ಎಂಬುದಲ್ಲ. ಮನುಷ್ಯ ಎಂದೂ ಕೊಂಡಿದ್ದಾನೆ, ಸಂತೆಯಿಲ್ಲದ ನಾಗರಿಕತೆಯಿಲ್ಲ. ಪ್ರಶ್ನೆಯಿರುವುದು, ಕೊಳ್ಳುವುದನ್ನು ಬಿಟ್ಟರೆ ಬೇರೇನನ್ನೂ ಮಾಡಲರಿಯದ ಸಮಾಜದ ಗತಿ ಏನು ಎಂಬುದು.

ಅಂಥ ಸಮಾಜ ಮೊದಲಿಗೆ ಕಳೆದುಕೊಳ್ಳುವುದು ಹಣವನ್ನು. ಸಂತೆಯಲ್ಲಿ ಮೇದರವನಿಗೆ ಕೊಟ್ಟ ನೂರು ರೂಪಾಯಿ ಆತನ ಕೈಯಿಂದ ಸೊಪ್ಪಿನವಳಿಗೆ, ಅವಳಿಂದ ಹಿಟ್ಟಿನ ಗಿರಣಿಗೆ, ಗಿರಣಿಯಿಂದ ಮತ್ತೊಬ್ಬರಿಗೆ ಹೋಗಿ ಊರೊಳಗೇ ಹಲವು ಸುತ್ತು ಸುತ್ತುತ್ತದೆ. ದೂರದ ಗೋದಾಮಿಗೆ ಹೋದ ನೂರು ರೂಪಾಯಿಯಲ್ಲಿ ಊರಿಗೆ ಉಳಿಯುವುದು ಪೊಟ್ಟಣ ತಂದವನ ಕೂಲಿ ಮಾತ್ರ. ಆತನ ದುಡಿಮೆ ಪ್ರಾಮಾಣಿಕವಾದುದೇ. ಆದರೆ ಹತ್ತು ವರ್ಷ ಪೊಟ್ಟಣ ಹಂಚಿದವನ ಕೈಗೆ ಹತ್ತು ವರ್ಷ ಮಗ್ಗದಲ್ಲಿ ಕುಳಿತವನ ಕೈಗೆ ಬರುವ ಕುಶಲತೆ ಬರಲಾರದು.

ಎರಡನೆಯದಾಗಿ ಅದು ತಿಳಿವಳಿಕೆಯನ್ನು ಕಳೆದುಕೊಳ್ಳುತ್ತದೆ. ಹುಳುವಿನ ಮೈಬಣ್ಣ ನೋಡಿ ಅದು ಹಣ್ಣಾಯಿತೆಂದು ಹೇಳುವ ವಿದ್ಯೆ, ಬೆರಳ ತುದಿಯಿಂದ ನೂಲಿನ ಹುರಿಯನ್ನು ಅಳೆಯುವ ವಿದ್ಯೆ, ಜೇನುಗೂಡಿನಲ್ಲಿ ಮರಿಗಳಿಗೆಂದು ಒಂದು ಪಾಲು ಉಳಿಸಿ ಬರುವ ಸೋಲಿಗರ ವಿವೇಕ, ಇವು ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ಇಲ್ಲ. ಇವು ಕೈಯಿಂದ ಕೈಗೆ ಬಂದ ವಿದ್ಯೆಗಳು. ಒಂದು ತಲೆಮಾರು ಕೈ ಚಾಚದೆ ಹೋದರೆ ಮುಂದಿನ ತಲೆಮಾರಿಗೆ ಕೊಡುವವರೇ ಇರುವುದಿಲ್ಲ. ಮುಚ್ಚಿದ ಅಂಗಡಿಯನ್ನು ಮತ್ತೆ ತೆರೆಯಬಹುದು. ಮರೆತ ವಿದ್ಯೆಯನ್ನು ಹಣ ಕೊಟ್ಟು ತರಿಸಿಕೊಳ್ಳಲಾಗದು.

ಮೂರನೆಯದು ವಿವೇಚನೆಯ ನಷ್ಟ. ಮಾಡಿ ಬಲ್ಲವನಿಗೆ ವಸ್ತುವಿನ ಬೆಲೆ ಗೊತ್ತು. ಬರಿಯ ಕೊಳ್ಳುವವನಿಗೆ ಅದರ ದರ ಮಾತ್ರ ಗೊತ್ತು. ಹಿಪ್ಪುನೇರಳೆಯ ತೋಟಗಳ ನಡುವೆ ಇರುವ ಮನೆಯವರೇ 'ರೇಷ್ಮೆ' ಎಂಬ ಹೆಸರು ನೋಡಿ ಪಾಲಿಯೆಸ್ಟರ್ ಸೀರೆ ತರಿಸಿಕೊಂಡರೆ ಅದಕ್ಕಿಂತ ವಿಪರ್ಯಾಸ ಉಂಟೇ? ನಿಜವಾದ ರೇಷ್ಮೆಯ ಒಂದು ಎಳೆಯನ್ನು ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಕೃತಕ ನೂಲು ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಇಷ್ಟನ್ನು ನೇಕಾರರ ಬೀದಿಯ ಮಕ್ಕಳು ಹಿಂದೆ ಆಟವಾಡುತ್ತಲೇ ಕಲಿಯುತ್ತಿದ್ದರು. ಅಂತೆಯೇ, ಭಾರತದ ಸಲಹೆಯ ಮೇರೆಗೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ರಾಗಿ ಬೆಳೆಯುವ ಸೀಮೆಯೇ ಬಣ್ಣದ ಪೊಟ್ಟಣದಲ್ಲಿ ಬಂದ ರಾಗಿಯ ಬಿಸ್ಕತ್ತನ್ನು ಹೊಸ ಪದಾರ್ಥವೆಂದು ಕೊಳ್ಳುವಂತಾದರೆ, ಅದು ತನ್ನ ಹೊಲವನ್ನೇ ಪರರ ಕಣ್ಣಿನಿಂದ ನೋಡಿದಂತೆ.

ದುಡಿಯುವ ರಾಷ್ಟ್ರ ಕೊಳ್ಳುವ ರಾಷ್ಟ್ರವಾದರೆ ಏನಾಗುತ್ತದೆಂಬುದನ್ನು ಭಾರತ ಒಮ್ಮೆ ಅನುಭವಿಸಿ ತಿಳಿದಿದೆ. ಭಾರತದ ಹತ್ತಿಬಟ್ಟೆಗೆ ಇಂಗ್ಲೆಂಡಿನ ಜನ ಮರುಳಾಗಿದ್ದ ಕಾಲದಲ್ಲಿ, ಅಲ್ಲಿಯ ಪಾರ್ಲಿಮೆಂಟು 1700 ಮತ್ತು 1721ರಲ್ಲಿ ಶಾಸನಗಳನ್ನು ಮಾಡಿ ಅದಕ್ಕೆ ತಡೆಯೊಡ್ಡಿತು. ಆ ಮರೆಯಲ್ಲಿ ಅಲ್ಲಿಯವರು ಸ್ವತಃ ಬಟ್ಟೆ ತಯಾರಿಸಲು ಕಲಿತರು, ಯಂತ್ರಗಳನ್ನು ಕಂಡುಹಿಡಿದರು. ಮುಂದಿನ ಶತಮಾನದಲ್ಲಿ ಮ್ಯಾಂಚೆಸ್ಟರಿನ ಬಟ್ಟೆ ಭಾರತದ ಸಂತೆಗಳನ್ನು ತುಂಬಿತು. ಜಗತ್ತಿಗೆ ಬಟ್ಟೆ ಉಡಿಸಿದ ನೇಕಾರ ಕೆಲಸವಿಲ್ಲದವನಾದ. 1905ರ ಆಗಸ್ಟ್ 7ರಂದು ಕಲ್ಕತ್ತೆಯಲ್ಲಿ ಸ್ವದೇಶಿ ಚಳವಳಿಯ ಘೋಷಣೆಯಾದುದು, ಮುಂದೆ ಗಾಂಧೀಜಿ ಚರಕವನ್ನು ಸ್ವಾತಂತ್ರ್ಯದ ಸಂಕೇತವಾಗಿ ಎತ್ತಿ ಹಿಡಿದುದು ಈ ಹಿನ್ನೆಲೆಯಲ್ಲಿ. ಆ ದಿನದ ನೆನಪಿಗಾಗಿಯೇ 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸಲಾಗುತ್ತಿದೆ. ಚರಕದ ಮಾತು ಯಂತ್ರದ ಮೇಲಿನ ಹಗೆಯ ಮಾತಲ್ಲ. ಉಣ್ಣುವ ಬಾಯಿ ಇರುವವನಿಗೆ ದುಡಿಯುವ ಕೈಯೂ ಇರಬೇಕೆಂಬ ಸ್ವಾಭಿಮಾನದ ಮಾತು.

ಹಾಗಾದರೆ ದಾರಿ ಯಾವುದು? ಮೊಬೈಲನ್ನು ಬಾವಿಗೆ ಎಸೆಯುವುದಲ್ಲ. ಬಾಗಿಲೆಂಬುದು ಒಳಬರಲು ಮಾತ್ರವಲ್ಲ, ಹೊರಹೋಗಲೂ ಇರುವಂಥದು. ಯಾವ ಅಂತರಜಾಲದಿಂದ ದೂರದ ವಸ್ತು ಕೊಳ್ಳೇಗಾಲಕ್ಕೆ ಬರುತ್ತದೆಯೋ ಅದೇ ಅಂತರಜಾಲದಿಂದ ಕೊಳ್ಳೇಗಾಲದ ಸೀರೆ ದೂರದ ಊರಿಗೆ ಹೋಗಬಲ್ಲದು. ಸಾಹುಕಾರನ ಹಂಗಿಲ್ಲದೆ ನೇಕಾರ ತನ್ನ ಮಗ್ಗದ ಚಿತ್ರವನ್ನೂ ತನ್ನ ಸೀರೆಯ ಬೆಲೆಯನ್ನೂ ಗಿರಾಕಿಯ ಮುಂದೆ ನೇರವಾಗಿ ಇಡುವ ಅವಕಾಶ ಚರಿತ್ರೆಯಲ್ಲಿ ಹಿಂದೆಂದೂ ಇರಲಿಲ್ಲ. 2004ರಲ್ಲಿ ಜಾರಿಗೆ ಬಂದ 'ಸಿಲ್ಕ್ ಮಾರ್ಕ್' ಎಂಬ ಗುರುತು ಶುದ್ಧ ರೇಷ್ಮೆಯನ್ನು ನಕಲಿನಿಂದ ಬೇರ್ಪಡಿಸಿ ತೋರಿಸುತ್ತದೆ. ಇದರಿಂದ ದೂರದ ಗಿರಾಕಿಗೂ ನಂಬಿಕೆ ಬರುತ್ತದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯದ ಅರಣ್ಯ ಹಕ್ಕುಗಳು ಮಾನ್ಯವಾದವು. ಅಡವಿಯ ಜೇನನ್ನು ಸಂಗ್ರಹಿಸುವ ಜನಕ್ಕೆ ಅದನ್ನು ಸೋಸಿ, ಸೀಸೆಗೆ ತುಂಬಿ, ಸ್ವಂತ ಹೆಸರಿನಲ್ಲಿ ಮಾರುವ ಹಾದಿ ತೆರೆದಿದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ, ಕಾಡನ್ನೆಲ್ಲ ನುಂಗುತ್ತಿರುವ ಲಂಟಾನ ಎಂಬ ಪರದೇಶಿ ಪೊದೆಯ ಕಡ್ಡಿಗಳಿಂದಲೇ ಕುರ್ಚಿ, ಬುಟ್ಟಿಗಳನ್ನು ಹೆಣೆಯಲು ಕಲಿತವರಿದ್ದಾರೆ. ಪೀಡೆಯಾಗಿದ್ದುದನ್ನು ಪದಾರ್ಥವನ್ನಾಗಿ ಮಾಡುವುದೇ ಮಾಡುವ ಕೈಯ ಮಹಿಮೆ.

ಇದು ತಾನಾಗಿ ಆಗುವ ಕಾರ್ಯವಲ್ಲ. ನೇಕಾರನಿಗೆ ನ್ಯಾಯವಾದ ಬೆಲೆಯಲ್ಲಿ ನೂಲು ದೊರೆಯಬೇಕು. ಸೊಂಟ ನೋಯದಂಥ ಒಳ್ಳೆಯ ಮಗ್ಗ ಬೇಕು. ಸಹಕಾರ ಸಂಘಗಳು ಹೆಸರಿಗೆ ಮಾತ್ರ ಇರದೆ ಬದುಕಿರಬೇಕು. ವಿದ್ಯೆ ಕಲಿತ ಮಕ್ಕಳು ಕಸುಬನ್ನು ಕೀಳೆಂದು ತಿಳಿಯದೆ, ತಮ್ಮ ಲೆಕ್ಕ, ಭಾಷೆ, ಕಂಪ್ಯೂಟರ್ ಜ್ಞಾನಗಳನ್ನು ಅದಕ್ಕೆ ಧಾರೆಯೆರೆಯಬೇಕು. ಯಾರು ನೇಯಬೇಕೆಂಬುದನ್ನು ಹುಟ್ಟು ನಿರ್ಧರಿಸಬಾರದು, ಒಲವು ನಿರ್ಧರಿಸಬೇಕು. ಆಗ ಮಗ್ಗ ಸಂಕೋಲೆಯಾಗದೆ ಸಂಪತ್ತಾಗುತ್ತದೆ.

ಕೊಳ್ಳುವವರ ಕರ್ತವ್ಯವೂ ಉಂಟು. ಬೆರಳು ಪರದೆಯನ್ನು ಮುಟ್ಟುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಈ ವಸ್ತು ನಿಜವಾಗಿ ಬೇಕೇ, ಅಥವಾ ರಿಯಾಯಿತಿಯ ಆಸೆಯೇ? ಇದನ್ನು ಮಾಡಿದವರು ಯಾರು? ಇದನ್ನು ಮಾಡಬಲ್ಲವರು ಹತ್ತಿರದಲ್ಲಿಯೇ ಇಲ್ಲವೇ? ಎರಡನೆಯ ಪ್ರಶ್ನೆಗೆ ಕಾನೂನಿನ ಬೆಂಬಲವೂ ಸ್ವಲ್ಪಮಟ್ಟಿಗೆ ಇದೆ. ಆನ್‌ಲೈನ್‌ನಲ್ಲಿ ಮಾರುವ ವಸ್ತು ಯಾವ ದೇಶದ್ದು, ಮಾರುವವನು ಯಾರು ಎಂಬುದನ್ನು ಗ್ರಾಹಕನಿಗೆ ತಿಳಿಸಬೇಕೆಂದು 2020ರ ಗ್ರಾಹಕ ಸಂರಕ್ಷಣಾ ನಿಯಮಗಳು ವಿಧಿಸುತ್ತವೆ. ಆದರೆ ಬರೆದುದನ್ನು ಓದದ ಗಿರಾಕಿಗೆ ಕಾನೂನು ಏನು ಮಾಡೀತು?

ಶಾಲೆಯ ಮಕ್ಕಳಿಗೂ ಇದರಲ್ಲಿ ಪಾಲಿದೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ತನ್ನ ಕೈಯಿಂದ ಒಂದು ವಸ್ತುವನ್ನಾದರೂ ಮಾಡಲು ಕಲಿತರೆ, ಅದು ಒಂದು ಗೇಣು ಬಟ್ಟೆಯಿರಲಿ, ಬಿದಿರಿನ ತಟ್ಟೆಯಿರಲಿ, ಒಂದು ಮಡಿ ಸೊಪ್ಪಿರಲಿ, ಆತ ಜಗತ್ತನ್ನು ನೋಡುವ ಬಗೆಯೇ ಬೇರೆಯಾಗುತ್ತದೆ. ಎಳೆ ಹರಿದಾಗ ಕಟ್ಟುವ ತಾಳ್ಮೆ, ತಪ್ಪಿದ್ದನ್ನು ಬಿಚ್ಚಿ ಮತ್ತೆ ನೇಯುವ ಛಲ, ಮುಗಿದ ಕೆಲಸವನ್ನು ಕಂಡಾಗ ಹುಟ್ಟುವ ನಲಿವು, ಇವು ಯಾವ ಪೊಟ್ಟಣದಲ್ಲಿಯೂ ಬರುವುದಿಲ್ಲ. ಇನ್ನೊಬ್ಬರು ಮಾಡಿದ ವಸ್ತುವನ್ನು ಆತ ಕೊಳ್ಳುವಾಗಲೂ ಅದರ ಹಿಂದಿರುವ ಬೆವರು ಅವನಿಗೆ ಕಾಣಿಸುತ್ತದೆ. ಅಗ್ಗದ ಮಾಲಿಗೆ ಸುಲಭವಾಗಿ ಮರುಳಾಗನು, ನ್ಯಾಯವಾದ ಬೆಲೆಗೆ ಚೌಕಾಶಿ ಮಾಡನು.

ರೇಷ್ಮೆ ಹುಳು ತಿನ್ನುತ್ತದೆ, ನಿಜ. ತಿಂಗಳ ಬಹುಪಾಲು ಅದು ಮಾಡುವುದು ತಿನ್ನುವ ಕೆಲಸವನ್ನೇ. ಆದರೆ ಹಾಗೆ ತಿಂದ ಹಸಿರು ಸೊಪ್ಪನ್ನು ಅದು ಕೊನೆಗೆ ಹೊಳೆಯುವ ನೂಲಾಗಿ ಹಿಂದಿರುಗಿಸುತ್ತದೆ. ಗೂಡು ಕಟ್ಟದ ಹುಳುವನ್ನು ರೈತ ಬೇರೆ ಮಾಡಿ ಎಸೆಯುತ್ತಾನೆ. ರೇಷ್ಮೆಯ ನಾಡಿನಲ್ಲಿ ಹುಟ್ಟಿದವರು ಈ ಪಾಠವನ್ನು ಕಲಿಯಲು ದೂರ ಹೋಗಬೇಕಾಗಿಲ್ಲ.